ಬೇವಿನೆಲೆಯ ನ್ಯಾನೋ ಬೆಳ್ಳಿ ಸ್ಪ್ರೇ: ಶೂಗೆ ಸರಿ, ಹೊಟ್ಟೆಗೆ ಬೇಡ

ಪೂರ್ತಿ ಓದೋಕೆ ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಬಾಟಲಿಯಲ್ಲಿ ನಿಜಕ್ಕೂ ನ್ಯಾನೋ ಬೆಳ್ಳಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ, ಇದೆ. ಅದಕ್ಕೆ ಬ್ಯಾಕ್ಟೀರಿಯಾ ಸಾಯುತ್ತವೆ. ಶೂ, ಸಾಕ್ಸ್, ಹೆಲ್ಮೆಟ್ ಒಳಗಿನ ಬೆವರು ವಾಸನೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜೊತೆಗೆ ಬರುವ ಚೀಟಿಯಲ್ಲಿ ಇರುವುದನ್ನೆಲ್ಲ ನಂಬಬೇಡಿ, ಅದರಲ್ಲೂ ದಿನಾ ಬೆಳಿಗ್ಗೆ ನೀರಿಗೆ ಹಾಕಿಕೊಂಡು ಕುಡಿಯಿರಿ ಅನ್ನುವ ಸಾಲನ್ನು. ಐದಕ್ಕೆ ಎರಡೂವರೆ ಸ್ಟಾರ್.

ಬಾಟಲಿ 100 ಎಂಎಲ್‌ದು. ಬೆಲೆ 349 ರೂಪಾಯಿ, ಡೆಲಿವರಿ ಚಾರ್ಜ್ ಬೇರೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಬೇವಿನೆಲೆಯಿಂದ ತಯಾರಿಸಿದ ನ್ಯಾನೋ ಬೆಳ್ಳಿ, ಕೆಮಿಕಲ್ ಇಲ್ಲ’ ಅಂತ ಇದೆ. ಕೆಳಗೆ ಸಣ್ಣದಾಗಿ 20 ಪಿಪಿಎಂ, ಅಂದರೆ ಲೀಟರಿಗೆ 20 ಮಿಲಿಗ್ರಾಂ ಬೆಳ್ಳಿ. ಕಂಪನಿ ಹೆಸರು ಹೇಳುವುದಿಲ್ಲ. ಇದೇ ಥರದ ಬಾಟಲಿ, ಹೆಚ್ಚುಕಡಿಮೆ ಇದೇ ಮಾತು, ಬೇರೆ ಬೇರೆ ಹೆಸರಲ್ಲಿ ಆನ್‌ಲೈನ್‌ನಲ್ಲಿ ಹತ್ತಾರು ಸಿಗುತ್ತವೆ, ಹಾಗಾಗಿ ನಾನು ಹೇಳೋದು ಎಲ್ಲದಕ್ಕೂ ಉಪಯೋಗಕ್ಕೆ ಬರಬಹುದು. ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಲ್ಯಾಬ್ ಇದೆ, ಇನ್ಕ್ಯುಬೇಟರ್ ಇದೆ, ಇಂಥದ್ದು ಅಂದರೆ ಊಟ ಬಿಟ್ಟು ಓಡಿ ಬರುವ ಪಿ.ಜಿ. ಮಕ್ಕಳಿದ್ದಾರೆ. ಅದಕ್ಕೇ ಸುಮ್ನೆ ಮೂಗಿಗೆ ಹಿಡಿದು ನೋಡಿ ರಿವ್ಯೂ ಬರೆಯದೆ, ಸರಿಯಾಗಿ ಪರೀಕ್ಷೆ ಮಾಡಿಯೇ ಬರೆಯುತ್ತಿದ್ದೇನೆ.

‘ಕೆಮಿಕಲ್ ಇಲ್ಲ’ ಅನ್ನೋದರಿಂದಲೇ ಶುರು ಮಾಡೋಣ. ಎಲೆಯಿಂದ ನ್ಯಾನೋ ಬೆಳ್ಳಿ ಮಾಡಬೇಕಾದರೆ ಬೆಳ್ಳಿಯ ಉಪ್ಪು ಬೇಕೇ ಬೇಕು, ಸಾಮಾನ್ಯವಾಗಿ ಸಿಲ್ವರ್ ನೈಟ್ರೇಟ್. ಬೇವು ಹಾಕಿ, ತುಳಸಿ ಹಾಕಿ, ಬೆಳ್ಳಿ ಬರುವುದು ಆ ಉಪ್ಪಿನಿಂದಲೇ. ನಮ್ಮ ಲ್ಯಾಬಿನಲ್ಲಿ ಮಾಡುವ ರೀತಿ ಹೀಗೆ. ಹತ್ತು ಗ್ರಾಂ ಬೇವಿನೆಲೆ ತೊಳೆದು, ಹೆಚ್ಚಿ, ನೂರು ಎಂಎಲ್ ಡಿಸ್ಟಿಲ್ಡ್ ನೀರಲ್ಲಿ ಕುದಿಸಿ ಸೋಸಿಕೊಳ್ಳುತ್ತೇವೆ. ಇನ್ನೊಂದು ಕಡೆ ಲೀಟರಿಗೆ 0.17 ಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿಟ್ಟಿರುತ್ತೇವೆ. ಒಂದು ಪಾಲು ಕಷಾಯ, ಒಂಬತ್ತು ಪಾಲು ಸಿಲ್ವರ್ ನೈಟ್ರೇಟ್. ಬೆರೆಸಿದಾಗ ತೆಳು ಹಳದಿ ಇರುತ್ತದೆ. ಸ್ವಲ್ಪ ಹೊತ್ತಿಗೆ ಜೇನುತುಪ್ಪದ ಬಣ್ಣ, ಆಮೇಲೆ ಗಾಢ ಕಂದು. ಫ್ಲಾಸ್ಕನ್ನು ಕಿಟಕಿ ಹತ್ತಿರ ಬಿಸಿಲಲ್ಲಿಟ್ಟರೆ ಇನ್ನೂ ಬೇಗ. ಎಷ್ಟು ವರ್ಷ ಮಾಡಿಸಿದರೂ ಆ ಬಣ್ಣ ತಿರುಗುವಾಗ ಮಕ್ಕಳ ಜೊತೆ ನಾನೂ ಬಗ್ಗಿ ನೋಡುತ್ತೇನೆ, ಅಷ್ಟು ಚಂದ. ಅಪ್ಪಿತಪ್ಪಿ ಯಾರಾದರೂ ಡಿಸ್ಟಿಲ್ಡ್ ನೀರಿನ ಬದಲು ನಲ್ಲಿ ನೀರು ಹಾಕಿದರೆ ನೀರಲ್ಲಿರುವ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡು ಎಲ್ಲ ಹಾಲು ಹಾಲಾಗುತ್ತದೆ. ಕೈಗೆ ಚೆಲ್ಲಿಕೊಂಡವರ ಬೆರಳು ಮಾರನೇ ದಿನ ಕಪ್ಪು.

ಇಲ್ಲಿ ಬೇವಿನ ಕೆಲಸ ಎರಡು. ಎಲೆಯಲ್ಲಿರುವ ಫೀನಾಲ್, ಫ್ಲೇವನಾಯ್ಡ್, ಸಕ್ಕರೆ ಇತ್ಯಾದಿ ಬೆಳ್ಳಿ ಅಯಾನಿಗೆ (ಒಂದು ಎಲೆಕ್ಟ್ರಾನ್ ಕಳೆದುಕೊಂಡ ಬೆಳ್ಳಿ ಪರಮಾಣು) ಎಲೆಕ್ಟ್ರಾನ್ ಕೊಟ್ಟು ಅದನ್ನು ಲೋಹ ಮಾಡುತ್ತವೆ. ಹಾಗೆ ಹುಟ್ಟಿದ ಕಣಗಳ ಸುತ್ತ ಅದೇ ಎಲೆಯ ಅಂಶಗಳು ಅಂಟಿಕೊಂಡು, ಕಣಗಳು ಒಂದಕ್ಕೊಂದು ಸೇರಿ ಗಂಟಾಗದ ಹಾಗೆ ನೋಡಿಕೊಳ್ಳುತ್ತವೆ. ಇಲ್ಲದಿದ್ದರೆ ಈ ಕೆಲಸಕ್ಕೆ ಸೋಡಿಯಂ ಬೋರೋಹೈಡ್ರೈಡ್‌ನಂಥ ರಾಸಾಯನಿಕ ಹಾಕಬೇಕಿತ್ತು. ಅದನ್ನು ತಪ್ಪಿಸಿದ್ದು ದೊಡ್ಡ ವಿಷಯವೇ. ಅದಕ್ಕೆ ‘ಕಡಿಮೆ ಕೆಮಿಕಲ್’ ಅಂತ ಬರೆದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಈ ವಿದ್ಯೆ ಬೆಳೆದಿದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು ಅನ್ನೋದನ್ನ ಇಂಥ ಕಂಪನಿಗಳು ಯಾಕೆ ಬರೆಯುವುದಿಲ್ಲವೋ. 1999ರಲ್ಲಿ ಬೆಳ್ಳಿ ಗಣಿಯಲ್ಲಿ ಸಿಕ್ಕ ಒಂದು ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ತನ್ನ ಮೈಯೊಳಗೇ ಬೆಳ್ಳಿ ಹರಳು ಮಾಡಿಟ್ಟುಕೊಳ್ಳುತ್ತದೆ ಅಂತ ಯುರೋಪಿನವರು ತೋರಿಸಿದರು. ಆದರೆ ಮೈಯೊಳಗೆ ಇದ್ದರೆ ತೆಗೆಯೋದು ಕಷ್ಟ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 2003ರಲ್ಲಿ ಫ್ಯುಸೇರಿಯಂ ಆಕ್ಸಿಸ್ಪೋರಂ ಅನ್ನುವ ಶಿಲೀಂಧ್ರ ಕಣಗಳನ್ನು ಹೊರಗೆ, ನೀರಿನಲ್ಲೇ ಮಾಡಿಕೊಡುತ್ತದೆ ಅಂತ ತೋರಿಸಿದರು. ಮಾರನೇ ವರ್ಷ ಅಲ್ಲಿಯವರೇ ಬೇವಿನೆಲೆಯಿಂದಲೂ ಮಾಡಿದರು. ಇದೇ ಫ್ಯುಸೇರಿಯಂ ಜಾತಿಯ ಒಂದು ಬಗೆ ನಮ್ಮ ನಂಜನಗೂಡು ರಸಬಾಳೆ ತೋಟಗಳಿಗೆ ಪನಾಮಾ ಸೊರಗು ರೋಗ ತಂದು ರೈತರನ್ನು ಅಳಿಸಿದ್ದು, ನೋಡಿ. 2008ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ ತಂಡ ಅದೇ ಕುಲದ ಇನ್ನೊಂದು ಶಿಲೀಂಧ್ರದಿಂದ ಬೆಳ್ಳಿ ಕಣ ಮಾಡಿ ಪ್ರಕಟಿಸಿತು. ಈಗಂತೂ ಯಾವ ಕಾಲೇಜಿಗೆ ಹೋದರೂ ಒಂದಲ್ಲ ಒಂದು ಎಲೆಯಿಂದ ಬೆಳ್ಳಿ ಕಣ ಮಾಡುವ ಪ್ರಾಜೆಕ್ಟ್ ಇದ್ದೇ ಇರುತ್ತದೆ.

ಈಗ ಬಾಟಲಿ. ಮೊದಲ ಬಾಟಲಿಯ ದ್ರವ ತಿಳಿ ಕಂದು ಬಣ್ಣದ್ದು, ಡಿಕಾಕ್ಷನ್ ಒಂದು ಚಮಚ ನೀರಿಗೆ ಬಿದ್ದ ಬಣ್ಣ ಅನ್ನಬಹುದು. ಇದು ಒಳ್ಳೆಯ ಲಕ್ಷಣ. ಇಪ್ಪತ್ತು ಪಿಪಿಎಂ ನ್ಯಾನೋ ಬೆಳ್ಳಿ ಇದ್ದರೆ ಹಳದಿಯೋ ಕಂದೋ ಕಾಣಲೇಬೇಕು. ನೀರಿನ ಹಾಗೆ ತಿಳಿಯಾಗಿರುವ ‘ಕೊಲಾಯ್ಡಲ್ ಸಿಲ್ವರ್’ ಕೂಡ ಮಾರಾಟಕ್ಕಿದೆ, ಅದರಲ್ಲಿ ಸಾಮಾನ್ಯವಾಗಿ ಇರುವುದು ಕರಗಿದ ಬೆಳ್ಳಿ ಅಯಾನು, ಕಣ ಅಲ್ಲ. ಆದರೆ ಬಣ್ಣ ಒಂದನ್ನೇ ನಂಬಿದರೆ ಮೋಸ ಹೋಗಬಹುದು, ಯಾಕೆಂದರೆ ಬೇವಿನ ಕಷಾಯಕ್ಕೇ ಒಂದು ಕಂದು ಬಣ್ಣ ಇದೆ ಅಲ್ವಾ? ಅದಕ್ಕೆ ಯಾವ ಬಣ್ಣದ ಬೆಳಕು ಎಷ್ಟು ಹೀರಿಕೊಳ್ಳುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಇಟ್ಟು ನೋಡಿದೆವು. 420 ನ್ಯಾನೋಮೀಟರ್ ಆಸುಪಾಸಿನಲ್ಲಿ ಗ್ರಾಫ್ ಗುಡ್ಡದ ಹಾಗೆ ಎದ್ದಿತು, ನ್ಯಾನೋ ಬೆಳ್ಳಿ ಬೆಳಕು ಹೀರುವ ಜಾಗ ಅದೇ. ಬರೀ ಕಷಾಯ ಇಟ್ಟಾಗ ಅಲ್ಲಿ ಗುಡ್ಡ ಇಲ್ಲ. ಅಂದರೆ ಒಳಗೆ ಬೆಳ್ಳಿಯ ನ್ಯಾನೋ ಕಣ ಇರುವುದು ನಿಜ. ಈ ವಿಷಯದಲ್ಲಿ ಕಂಪನಿಯವರು ಸುಳ್ಳು ಹೇಳಿಲ್ಲ.

ತೊಂದರೆ ಶುರುವಾದದ್ದು ಎರಡನೇ ಬಾಟಲಿಯಿಂದ. ಕೆಲವು ತಿಂಗಳ ಮೇಲೆ ಅದೇ ಕಂಪನಿಯಿಂದ ತರಿಸಿದ್ದು. ಇದು ಬೂದು ಕಂದು. ಗುಡ್ಡ ಅಗಲವಾಗಿ, ಬಲಕ್ಕೆ ಸರಿದಿತ್ತು. ಬಾಟಲಿ ಓರೆ ಮಾಡಿದರೆ ತಳದಲ್ಲಿ ಕಪ್ಪು ಗಸಿ. ಕಣಗಳು ಒಂದಕ್ಕೊಂದು ಅಂಟಿಕೊಂಡು ದಪ್ಪಗಾಗಿ ಕೆಳಗೆ ಕೂತಿವೆ ಅಂತ ಅರ್ಥ. ಎಲೆಯಿಂದ ಮಾಡುವ ಬೆಳ್ಳಿಯ ನಿಜವಾದ ಕಷ್ಟ ಇರುವುದೇ ಇಲ್ಲಿ. ಚೈತ್ರದ ಚಿಗುರು ಬೇವಿಗೂ ಬೇಸಿಗೆ ಮುಗಿಯುವಾಗಿನ ಬಲಿತ ಎಲೆಗೂ ಒಳಗಿನ ಅಂಶ ಒಂದೇ ಅಲ್ಲ. ಒಂದು ಊರಿನ ಮರದ್ದು ಇನ್ನೊಂದು ಊರಿನ ಮರದ ಹಾಗಲ್ಲ. ಲ್ಯಾಬಿನಲ್ಲಿ ಒಂದು ಫ್ಲಾಸ್ಕ್ ಚೆನ್ನಾಗಿ ಬಂದರೆ ಪೇಪರ್ ಬರೆಯಬಹುದು, ಆದರೆ ಮಾರುವವರು ಪ್ರತಿ ಬ್ಯಾಚನ್ನೂ ಒಂದೇ ಹದದಲ್ಲಿ ಕೊಡಬೇಕು. ಕಣದ ಸೈಜ್ ಎಷ್ಟು ಅಂತ ಲೇಬಲ್ ಮೇಲೆ ಎಲ್ಲೂ ಇಲ್ಲ. ಬ್ಯಾಚ್ ನಂಬರ್ ಇದೆ, ಟೆಸ್ಟ್ ರಿಪೋರ್ಟ್ ಕೇಳಿದರೆ ಉತ್ತರ ಇಲ್ಲ. ಬಾಟಲಿಯೂ ಪಾರದರ್ಶಕ ಪ್ಲಾಸ್ಟಿಕ್, ಬೆಳಕು ನೇರವಾಗಿ ಒಳಗೆ ಹೋಗುತ್ತದೆ. ಕಂದು ಗಾಜಿನ ಬಾಟಲಿಗೆ ಹಾಕಿದ್ದರೆ ಏನು ಹೋಗುತ್ತಿತ್ತು?

ಇನ್ನು ಕೊಲ್ಲುವ ಕೆಲಸ. ಚೀಟಿಯಲ್ಲಿ ‘ಕ್ಷಣದಲ್ಲಿ 99.9% ಕೀಟಾಣು ನಾಶ’ ಅಂತ ಇದೆ. ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸಿ, ತೊಳೆದು, ಸ್ಪ್ರೇ ದ್ರವದಲ್ಲಿ ಹಾಕಿ, ಬೇರೆ ಬೇರೆ ಹೊತ್ತಿಗೆ ಸ್ವಲ್ಪ ಸ್ವಲ್ಪ ತೆಗೆದು ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಜೆಲ್ಲಿಯ ತಟ್ಟೆ) ಮೇಲೆ ಹರಡಿದೆವು. ತೆಗೆದ ತಕ್ಷಣ ಥಯೋಗ್ಲೈಕೊಲೇಟ್ ಹಾಕಿ ಬೆಳ್ಳಿಯ ಕೆಲಸ ನಿಲ್ಲಿಸಬೇಕು, ಇಲ್ಲದಿದ್ದರೆ ಪ್ಲೇಟಿನ ಮೇಲೂ ಅದು ಕೊಲ್ಲುತ್ತಲೇ ಇರುತ್ತದೆ, ಲೆಕ್ಕ ತಪ್ಪುತ್ತದೆ. ಮಾರನೇ ದಿನ ಇನ್ಕ್ಯುಬೇಟರ್ ಬಾಗಿಲು ತೆಗೆದರೆ, ಐದು ನಿಮಿಷದ ಪ್ಲೇಟ್ ತುಂಬ ಬಿಳಿ ಚುಕ್ಕೆ, ಅಂದರೆ ಬದುಕುಳಿದ ಬ್ಯಾಕ್ಟೀರಿಯಾದ ಗುಂಪುಗಳು, ಎಣಿಸೋಕೆ ಜಾಗವಿಲ್ಲ. ಒಂದು ಗಂಟೆಯದರಲ್ಲಿ ಬಿಡಿ ಬಿಡಿಯಾಗಿ ಕಂಡವು. ರಾತ್ರಿಯಿಡೀ ಬಿಟ್ಟಿದ್ದರದ್ದು ಖಾಲಿ, ಸ್ವಚ್ಛ, ಹೊಸ ಪ್ಲೇಟಿನ ಹಾಗೆ. ಬೆಳ್ಳಿ ಕೊಲ್ಲುತ್ತದೆ, ಆದರೆ ನಿಧಾನವಾಗಿ. ಸ್ಯಾನಿಟೈಸರ್‌ನ ಆಲ್ಕೋಹಾಲ್ ಅರ್ಧ ನಿಮಿಷದಲ್ಲಿ ಮುಗಿಸುವುದನ್ನು ಇದು ಗಂಟೆಗಟ್ಟಲೆ ಮಾಡುತ್ತದೆ. ಆಲ್ಕೋಹಾಲ್ ಹಾರಿಹೋಗುತ್ತದೆ, ಬೆಳ್ಳಿ ಅಲ್ಲೇ ಉಳಿಯುತ್ತದೆ, ಅದು ಇದರ ಹೆಚ್ಚುಗಾರಿಕೆ. ಆದರೆ ಕೆಲಸ ನಿಧಾನ, ಹಾಗಾಗಿ ಊಟಕ್ಕೆ ಮುಂಚೆ ಇದನ್ನು ಕೈಗೆ ಹೊಡೆದುಕೊಂಡು ಕೈ ತೊಳೆದಾಯ್ತು ಅಂದುಕೊಳ್ಳಬೇಡಿ. ಸೋಪು ಹಾಕಿ ತೊಳೆಯಿರಿ.

ನಿಧಾನ ಯಾಕೆ ಅಂದರೆ, ಮುಖ್ಯವಾಗಿ ಕೊಲ್ಲುವುದು ಕಣದಿಂದ ಬಿಡುಗಡೆಯಾಗುವ ಬೆಳ್ಳಿ ಅಯಾನು. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು: ಆಮ್ಲಜನಕವೇ ಇಲ್ಲದ ಜಾಗದಲ್ಲಿ ಕಣದಿಂದ ಅಯಾನು ಹೊರಬರಲಿಲ್ಲ, ಇ. ಕೋಲಿಗೆ ಏನೂ ಆಗಲಿಲ್ಲ. ಅಯಾನು ಬಂದ ಮೇಲೆ ಬ್ಯಾಕ್ಟೀರಿಯಾದ ಪೊರೆಗೆ ಅಂಟುತ್ತದೆ, ಪ್ರೋಟೀನಿನಲ್ಲಿರುವ ಗಂಧಕದ ಕೊಂಡಿಗಳನ್ನು ಹಿಡಿದುಕೊಂಡು ಉಸಿರಾಟದ ವ್ಯವಸ್ಥೆ ಕೆಡಿಸುತ್ತದೆ. ಕಣ ಸಣ್ಣದಾದಷ್ಟೂ ಮೇಲ್ಮೈ ಜಾಸ್ತಿ, ಅಯಾನು ಬೇಗ ಬರುತ್ತದೆ. ಅಚ್ಚು ಬೆಲ್ಲಕ್ಕಿಂತ ಪುಡಿ ಬೆಲ್ಲ ಬೇಗ ಕರಗುವ ಹಾಗೆ. ಅದಕ್ಕೇ ಗಸಿ ಕೂತ ಎರಡನೇ ಬಾಟಲಿ ಮೊದಲನೆಯದಕ್ಕಿಂತ ಸಪ್ಪೆಯಾಗಿತ್ತು. 20 ಪಿಪಿಎಂ ಅಂತ ಎರಡರ ಮೇಲೂ ಬರೆದಿದೆ, ಕೆಲಸ ಮಾತ್ರ ಒಂದೇ ಥರ ಇಲ್ಲ.

ಕಂಪನಿಯ ಪೇಜಿನಲ್ಲಿ ಅಗಾರ್ ಪ್ಲೇಟಿನ ಫೋಟೋ ಹಾಕಿದ್ದಾರೆ, ಮಧ್ಯೆ ದ್ರವ ಹಾಕಿದ ಗುಂಡಿ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಳೆಯಂಥ ಜಾಗ. ನೋಡೋಕೆ ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಬರೀ ಸಿಲ್ವರ್ ನೈಟ್ರೇಟ್ ಹಾಕಿದ ಗುಂಡಿ ಇಲ್ಲ, ಬರೀ ಬೇವಿನ ಕಷಾಯದ ಗುಂಡಿ ಇಲ್ಲ. ಅವೆರಡು ಇಲ್ಲದೆ ಆ ಬಳೆ ಕಣದಿಂದ ಬಂತೋ, ಸರಿಯಾಗಿ ತೊಳೆಯದೆ ಉಳಿದ ಸಿಲ್ವರ್ ನೈಟ್ರೇಟಿನಿಂದ ಬಂತೋ ಹೇಗೆ ಹೇಳೋದು? ಕಣಗಳನ್ನು ಸೆಂಟ್ರಿಫ್ಯೂಜ್ ಮಾಡಿ (ಜೋರಾಗಿ ಸುತ್ತಿಸಿ ಕೆಳಗೆ ಕೂರಿಸಿ) ತೊಳೆಯಬೇಕು ಅನ್ನೋದು ಇದಕ್ಕೇ. ನಮ್ಮ ಮಕ್ಕಳ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ಎರಡು ಗುಂಡಿ ಇಲ್ಲದಿದ್ದರೆ ನಾನು ಸೈನ್ ಹಾಕುವುದಿಲ್ಲ. ದುಡ್ಡು ತೆಗೆದುಕೊಂಡು ಮಾರುವವರು ಅಷ್ಟಾದರೂ ಮಾಡಬೇಕಲ್ಲ.

ಮನೆಯ ಬಳಕೆಗೆ ಬರೋಣ. ಮಳೆಗಾಲದಲ್ಲಿ ಒಣಗದ ಶೂ ಒಳಗೆ ರಾತ್ರಿ ಹೊಡೆದು ಬಿಟ್ಟರೆ ಬೆಳಿಗ್ಗೆ ವಾಸನೆ ಇಲ್ಲ, ಹೂವಿನ ಸೆಂಟ್ ಹೊಡೆದ ಹಾಗೆ ಮುಚ್ಚಿಡುವುದಲ್ಲ, ನಿಜವಾಗಿ ಇಲ್ಲ. ಬೆವರಿಗೆ ತನ್ನದೇ ವಾಸನೆ ಅಷ್ಟಾಗಿ ಇಲ್ಲ, ಅದನ್ನು ತಿನ್ನುವ ಬ್ಯಾಕ್ಟೀರಿಯಾದಿಂದ ವಾಸನೆ ಬರುವುದು. ಹೆಲ್ಮೆಟ್ ಒಳಗಿನ ಸ್ಪಂಜಿಗೂ ಚೆನ್ನಾಗಿದೆ. ಬಿಳಿ ಬಟ್ಟೆಗೆ ಮಾತ್ರ ಬೇಡ. ನನ್ನ ತಂಗಿಯ ಮಗನ ಬಿಳಿ ಕ್ರಿಕೆಟ್ ಸಾಕ್ಸ್ ಮೇಲೆ ಹಳದಿ ಕಂದು ಕಲೆ ಬಂತು, ಬ್ಲೀಚಿಗೂ ಹೋಗಲಿಲ್ಲ. ಒಂದೆರಡು ಸಲ ಒಗೆದರೆ ಪರಿಣಾಮ ಕಡಿಮೆಯಾಗುತ್ತದೆ. ಬೆಳ್ಳಿ ಎಲ್ಲಿಗೆ ಹೋಯಿತು ಅಂದರೆ, ಒಗೆದ ನೀರಿಗೆ. ಅರಿಜೋನಾ ವಿಶ್ವವಿದ್ಯಾಲಯವೊಂದರವರು 2008ರಲ್ಲಿ ಅಂಗಡಿಯಲ್ಲಿ ಸಿಗುವ ಬೆಳ್ಳಿ ಸಾಕ್ಸ್ ತಂದು ಒಗೆದು ನೋಡಿ ಇದನ್ನೇ ಕಂಡರು, ಕೆಲವು ಸಾಕ್ಸ್ ನಾಲ್ಕೇ ಒಗೆತಕ್ಕೆ ಬೆಳ್ಳಿಯೆಲ್ಲ ಬಿಟ್ಟುಕೊಟ್ಟವು. ಮೋರಿಗೆ, ಅಲ್ಲಿಂದ ಕೆರೆಗೆ. ಮೀನಿಗೆ, ಪಾಚಿಗೆ ಬೆಳ್ಳಿ ವಿಷ. ಬೇಕಾದ ಜಾಗಕ್ಕೆ ಬೇಕಾದಷ್ಟೇ ಹೊಡೆಯಿರಿ, ಮನೆಯೆಲ್ಲ ಸಿಂಪಡಿಸಬೇಡಿ.

ಗಾಯಕ್ಕೆ? ಬೆಳ್ಳಿಗೂ ಗಾಯಕ್ಕೂ ಹಳೇ ಸಂಬಂಧ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮು, ಸಿಲ್ವರ್ ಸಲ್ಫಾಡಯಜೀನ್, 1968ರಿಂದ ಬಳಕೆಯಲ್ಲಿದೆ. ನ್ಯಾನೋ ಬೆಳ್ಳಿಯ ಜೆಲ್, ಬ್ಯಾಂಡೇಜ್ ಕೂಡ ಈಗ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತವೆ, ಡಾಕ್ಟರು ಬರೆದುಕೊಡುತ್ತಾರೆ. ಅವುಗಳ ಟ್ಯೂಬ್ ತಿರುಗಿಸಿ ನೋಡಿ, ಔಷಧ ಉತ್ಪಾದನೆಯ ಲೈಸೆನ್ಸ್ ನಂಬರ್ ಇರುತ್ತದೆ. ಈ ಸ್ಪ್ರೇ ಮೇಲೆ ಅದಿಲ್ಲ. ಕ್ರಿಮಿರಹಿತ ಅಂತಲೂ ಇಲ್ಲ. ಎಲೆಯ ಕಷಾಯದಿಂದ ಮಾಡಿದ್ದನ್ನು ತೆರೆದ ಗಾಯದ ಮೇಲೆ ಹಾಕುವಾಗ ಇದು ಸಣ್ಣ ವಿಷಯ ಅಲ್ಲ. ಚೀಟಿಯಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೂ ಹಚ್ಚಬಹುದು ಅಂತ ಇದ್ದದ್ದು ನೋಡಿ ನನಗೆ ಸಿಟ್ಟು ಬಂತು. ಆ ಹುಣ್ಣು ಬಿಟ್ಟರೆ ಕಾಲೇ ತೆಗೆಯಬೇಕಾಗುತ್ತದೆ. ಯಾರಾದರೂ ಅಜ್ಜಿಯೋ ತಾತನೋ ಇದನ್ನು ನಂಬಿಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ? ಅಡುಗೆ ಮನೆಯಲ್ಲಿ ಕೈ ಸುಟ್ಟುಕೊಂಡರೂ ಅಷ್ಟೇ, ಮೊದಲು ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ, ಬೆಳ್ಳಿ ಎಲ್ಲ ಆಮೇಲೆ.

ಕುಡಿಯುವ ಮಾತು. ನಮ್ಮಲ್ಲಿ ಬೆಳ್ಳಿ ಅಂದರೆ ನಂಬಿಕೆ ಜಾಸ್ತಿ. ಮಗುವಿಗೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸಿದ ಮನೆಗಳು ನಮ್ಮವು, ಆ ಒಳಲೆಯಿಂದ ಯಾರಿಗೂ ಏನೂ ಆಗಿಲ್ಲ, ಗಟ್ಟಿ ಬೆಳ್ಳಿಯಿಂದ ಹಾಲಿಗೆ ಬರುವುದು ಲೆಕ್ಕಕ್ಕೇ ಬಾರದಷ್ಟು. ಈ ಬಾಟಲಿಯ ಕಥೆ ಬೇರೆ. ಒಂದು ಲೋಟ ನೀರಿಗೆ 5 ಎಂಎಲ್ ಹಾಕಿ ಅಂತಾರೆ. 20 ಪಿಪಿಎಂ ಅಂದರೆ ಲೀಟರಿಗೆ 20 ಮಿಲಿಗ್ರಾಂ, 5 ಎಂಎಲ್‌ನಲ್ಲಿ 0.1 ಮಿಲಿಗ್ರಾಂ. ಲೋಟ 200 ಎಂಎಲ್ ಅಂದುಕೊಂಡರೆ ಆ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಬೆಳ್ಳಿ ಆಯಿತು. ಕುಡಿಯುವ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಕಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಐದು ಪಟ್ಟು. ಅಮೆರಿಕದ ಎಫ್‌ಡಿಎ (ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ) 1999ರಲ್ಲೇ ಹೇಳಿದೆ, ಅಂಗಡಿಯಲ್ಲಿ ಸಿಗುವ ಕೊಲಾಯ್ಡಲ್ ಬೆಳ್ಳಿಯ ಔಷಧಗಳು ಯಾವ ಕಾಯಿಲೆಗೂ ಸುರಕ್ಷಿತ ಅಂತಲೂ ಇಲ್ಲ, ಪರಿಣಾಮಕಾರಿ ಅಂತಲೂ ಇಲ್ಲ. ವರ್ಷಗಟ್ಟಲೆ ಬೆಳ್ಳಿ ಕುಡಿದವರ ಮೈ ನೀಲಿ ಬೂದು ಬಣ್ಣಕ್ಕೆ ತಿರುಗಿದ್ದು ವೈದ್ಯಕೀಯ ದಾಖಲೆಗಳಲ್ಲಿದೆ, ಆರ್ಜೀರಿಯಾ ಅಂತಾರೆ, ಬಂದ ಬಣ್ಣ ಹೋಗುವುದಿಲ್ಲ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ.

“ಮೇಡಂ, ಬೇವಿಂದು ಅಲ್ವಾ? ನ್ಯಾಚುರಲ್. ಸೈಡ್ ಎಫೆಕ್ಟ್ ಏನೂ ಇಲ್ಲ.”

“ಬೇವು ನ್ಯಾಚುರಲ್ ಇರಲಿ ಕಣಪ್ಪ, ಬೆಳ್ಳಿ ಒಳಗೆ ಹೋಗಿ ಎಲ್ಲಿ ಕೂರುತ್ತೆ?”

“ಅದನ್ನ ಟೆಕ್ನಿಕಲ್ ಟೀಮಿಗೆ ಕೇಳಿ ಹೇಳ್ತೀನಿ ಮೇಡಂ.”

ಇವತ್ತಿನವರೆಗೆ ಹೇಳಿಲ್ಲ. ಆ ಹುಡುಗನ ತಪ್ಪಲ್ಲ, ಅವನಿಗೆ ಕೊಟ್ಟ ಕಾಗದದಲ್ಲಿ ಇದ್ದದ್ದು ಓದಿದ. ಔಷಧಕ್ಕೆ ಬಳಸುವ ನ್ಯಾನೋ ವಸ್ತುಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ 2019ರಲ್ಲೇ ಬಂದಿದೆ. ಗಾಯಕ್ಕೆ ಹಚ್ಚಿ, ಹೊಟ್ಟೆಗೆ ಕುಡಿಯಿರಿ ಅನ್ನುವವರು ಆ ದಾರಿಯಲ್ಲೇ ಬರಬೇಕು.

ಇನ್ನೊಂದು ವಿಷಯ ಹೇಳಲೇಬೇಕು, ಇದು ನನಗೆ ನಿದ್ದೆ ಕೆಡಿಸುವ ವಿಷಯ. ಬೆಳ್ಳಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ ಅಂತ ಚೀಟಿಯಲ್ಲಿದೆ. ಒಗ್ಗಿಕೊಳ್ಳುತ್ತವೆ. 1975ರಲ್ಲೇ ಬಾಸ್ಟನ್‌ನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತ್ತು, ಅದರ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್ ಅನ್ನುವ ಡಿಎನ್ಎ ಉಂಗುರದ ಮೇಲಿದ್ದವು. 2018ರಲ್ಲಿ ಚೆಕ್ ದೇಶದ ತಂಡ ಇನ್ನೊಂದು ದಾರಿ ತೋರಿಸಿತು. ಮತ್ತೆ ಮತ್ತೆ ನ್ಯಾನೋ ಬೆಳ್ಳಿ ಕೊಟ್ಟಾಗ ಇ. ಕೋಲಿ ತನ್ನ ಬಾಲದ ಪ್ರೋಟೀನಾದ ಫ್ಲಾಜೆಲಿನ್ ಹೊರಗೆ ಬಿಟ್ಟು ಕಣಗಳನ್ನು ಗಂಟು ಮಾಡಿ ಕೂರಿಸಿಬಿಡುತ್ತದೆ. ಜೀನ್ ಕೂಡ ಬದಲಾಗಬೇಕಿಲ್ಲ. ಆ ಫ್ಲಾಜೆಲಿನ್ ತಯಾರಾಗದ ಹಾಗೆ ತಡೆದದ್ದು ಯಾವುದು ಗೊತ್ತಾ? ದಾಳಿಂಬೆ ಸಿಪ್ಪೆಯ ಸಾರ. ನಮ್ಮ ಬಾಗಲಕೋಟೆ, ಕೊಪ್ಪಳದ ಕಡೆ ದಾಳಿಂಬೆ ಬೆಳೆಯುವವರು ಸಿಪ್ಪೆ ಬಿಸಾಕುತ್ತಾರೆ. ನಮ್ಮ ಮಕ್ಕಳಿಗೆ ಮುಂದಿನ ಪ್ರಾಜೆಕ್ಟ್ ಇದೇ ಅಂತ ಹೇಳಿಟ್ಟಿದ್ದೇನೆ. ಒಟ್ಟಿನಲ್ಲಿ, ಆಸ್ಪತ್ರೆಯಲ್ಲಿ ಸುಟ್ಟಗಾಯದವರಿಗೆ ಬೇಕಾದ ಬೆಳ್ಳಿಯನ್ನು ನಾವು ಟೇಬಲ್, ಕುರ್ಚಿ, ಪರದೆಗೆಲ್ಲ ಹೊಡೆದು ಹಾಳು ಮಾಡಬಾರದು.

ನೀರು ಶುದ್ಧ ಮಾಡೋಕೆ ನ್ಯಾನೋ ಬೆಳ್ಳಿ ಬೇಕು ಅನ್ನುವವರಿಗೆ ಫಿಲ್ಟರ್‌ಗಳಿವೆ. 2009ರಲ್ಲಿ ಬಂದ ಟಾಟಾ ಸ್ವಚ್ಛ್‌ನಲ್ಲಿ ಭತ್ತದ ಹೊಟ್ಟಿನ ಬೂದಿಗೆ ನ್ಯಾನೋ ಬೆಳ್ಳಿ ಹಿಡಿಸಿದ್ದರು, ಕರೆಂಟ್ ಬೇಡ, ಆಗ ಸಾವಿರ ರೂಪಾಯಿ ಒಳಗೆ ಸಿಗುತ್ತಿತ್ತು. ಅಲ್ಲಿ ಬೆಳ್ಳಿ ಬೂದಿಗೆ ಅಂಟಿಕೊಂಡು ಕೂತಿರುತ್ತದೆ, ನೀರು ಹಾದುಹೋಗುತ್ತದೆ. ಬೆಳ್ಳಿಯನ್ನೇ ಲೋಟಕ್ಕೆ ಸುರಿದುಕೊಳ್ಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಬೆಲೆ ಬಗ್ಗೆ: 100 ಎಂಎಲ್‌ನಲ್ಲಿ ಇರುವ ಬೆಳ್ಳಿ 2 ಮಿಲಿಗ್ರಾಂ, ಒಂದು ರೂಪಾಯಿಯದೂ ಅಲ್ಲ. ಮಾಡುವ ಖರ್ಚು, ಬಾಟಲಿ, ಸಾಗಣೆ ಎಲ್ಲ ಇರುತ್ತದೆ, ಒಪ್ಪಿದೆ. ಆದರೆ 349 ತೆಗೆದುಕೊಂಡ ಮೇಲೆ ಕಣದ ಸೈಜ್, ಬ್ಯಾಚ್ ರಿಪೋರ್ಟ್, ತಯಾರಾದ ತಿಂಗಳು ಬರೆಯಿರಿ. ಕಂದು ಬಾಟಲಿಗೆ ಹಾಕಿ. ಚೀಟಿಯಿಂದ ಕುಡಿಯುವ ಸಾಲು, ಹುಣ್ಣಿನ ಸಾಲು ತೆಗೆಯಿರಿ. ಅಷ್ಟು ಮಾಡಿದರೆ ನಾಲ್ಕು ಸ್ಟಾರ್ ಕೊಟ್ಟು ನಾನೇ ಎಲ್ಲರಿಗೂ ಹೇಳುತ್ತೇನೆ.

ಈಗಾಗಲೇ ತರಿಸಿಕೊಂಡಿದ್ದರೆ ಬಾಟಲಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿ. ತಿಳಿ ಕಂದು ಇದ್ದು ಗಸಿ ಇಲ್ಲದಿದ್ದರೆ ಶೂಗೆ, ಹೆಲ್ಮೆಟ್ಟಿಗೆ ಬಳಸಿ, ಕತ್ತಲೆ ಕಪಾಟಿನಲ್ಲಿಡಿ, ಮಕ್ಕಳ ಕೈಗೆ ಸಿಗದ ಹಾಗೆ. ತಳದಲ್ಲಿ ಕಪ್ಪು ಕೂತಿದ್ದರೆ ಫೋಟೋ ತೆಗೆದು ವಾಪಸ್ ಕಳಿಸಿ, ನನಗೆ ಎರಡನೇ ಬಾಟಲಿಯ ದುಡ್ಡು ವಾಪಸ್ ಬಂತು.